ಫ್ಯಾನಿ ಕ್ರಾಸ್ಬಿ: ಎಂಟು ಸಾವಿರ ಹಾಡುಗಳ ಹಿಂದಿನ ಕಸುಬು

ಹಳೆಯಪುಟ (ಚರ್ಚೆ ಆರಂಭಿಸಿದವರು)

ಅಮೆರಿಕದ ಕ್ರೈಸ್ತ ಸ್ತುತಿಗೀತೆಗಳ ರಚನಕಾರ್ತಿ ಫ್ಯಾನಿ ಕ್ರಾಸ್ಬಿಯ ಹೆಸರು ಬಂದ ಕೂಡಲೇ ನಮ್ಮ ಚರ್ಚ್ ಸಭೆಗಳಲ್ಲಿ ಕೇಳಿಬರುವುದು ಹೆಚ್ಚುಕಡಿಮೆ ಒಂದೇ ವೃತ್ತಾಂತ: ಹುಟ್ಟಿದ ಕೆಲವೇ ವಾರಗಳಲ್ಲಿ ದೃಷ್ಟಿ ಕಳೆದುಕೊಂಡರು, ಎಂಟು ಸಾವಿರಕ್ಕೂ ಹೆಚ್ಚು ಸ್ತುತಿಗೀತೆ ರಚಿಸಿದರು, ದೇವರ ಮೇಲೆ ಎಂದೂ ಗೊಣಗಲಿಲ್ಲ. ಈ ಮೂರು ಮಾತುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಭಾನುವಾರದ ಪ್ರಸಂಗಕ್ಕೆ ಒಳ್ಳೆಯ ಉದಾಹರಣೆಯಾಗಿ ಒದಗುವ ಈ ಚಿತ್ರದಲ್ಲಿ ಅವರು ಮಾಡಿದ ಕೆಲಸ ಎಂಥದ್ದು, ಯಾರಿಗಾಗಿ ಮಾಡಿದರು, ಹೇಗೆ ಮಾಡಿದರು ಎಂಬುದು ಕಾಣೆಯಾಗಿಬಿಡುತ್ತದೆ. ಅವರನ್ನು ಪವಾಡವೆಂದು ನೋಡದೆ, ಧಾಟಿಗೆ ಮಾತು ಹೊಂದಿಸುವ ನುರಿತ ಕಸುಬುದಾರರೆಂದು ನೋಡಿದರೆ ಆ ಸಂಖ್ಯೆಯೂ ಅರ್ಥವಾಗುತ್ತದೆ, ಅದರ ಮಿತಿಯೂ ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅದನ್ನೇ ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ.

ಬದುಕಿನ ಮುಖ್ಯ ಸಂಗತಿಗಳನ್ನು ಮೊದಲು ಹೇಳಿಬಿಡುತ್ತೇನೆ. ಫ್ರಾನ್ಸಿಸ್ ಜೇನ್ ಕ್ರಾಸ್ಬಿ 1820ರ ಮಾರ್ಚ್ 24ರಂದು ನ್ಯೂಯಾರ್ಕ್ ರಾಜ್ಯದ ಪಟ್ನಮ್ ಕೌಂಟಿಯಲ್ಲಿ ಹುಟ್ಟಿದರು. ಆರು ವಾರದ ಕೂಸಾಗಿದ್ದಾಗ ಕಣ್ಣು ಕೆಂಪಾಗಿ ಊದಿಕೊಂಡಿತು. ವೈದ್ಯನೆಂದು ಹೇಳಿಕೊಂಡ ಒಬ್ಬಾತ ಬಿಸಿಬಿಸಿ ಸಾಸಿವೆಯ ಪಟ್ಟು ಹಾಕಿದ. ಅದರಿಂದಲೇ ದೃಷ್ಟಿ ಹೋಯಿತು ಎಂದು ಮನೆಯವರು ನಂಬಿದ್ದರು. ಅದು ಹುಟ್ಟಿನಿಂದಲೇ ಬಂದ ದೋಷವಾಗಿರಬಹುದು ಎಂದು ಈಚಿನ ಕೆಲವರು ಊಹಿಸುತ್ತಾರೆ. ಅದೇ ವರ್ಷ ತಂದೆ ತೀರಿಕೊಂಡರು. ತಾಯಿ ಮರ್ಸಿ ಇತರರ ಮನೆಗಳಲ್ಲಿ ಕೆಲಸಕ್ಕೆ ನಿಂತರು, ಮಗುವನ್ನು ಬೆಳೆಸಿದ್ದು ಬಹುಮಟ್ಟಿಗೆ ಅಜ್ಜಿ ಯೂನಿಸ್. 1835ರಲ್ಲಿ ನ್ಯೂಯಾರ್ಕಿನ ಅಂಧರ ಶಾಲೆಗೆ ಸೇರಿದ ಕ್ರಾಸ್ಬಿ ಅಲ್ಲಿಯೇ ಕಲಿತು, ಅಲ್ಲಿಯೇ ವ್ಯಾಕರಣ ಮತ್ತು ಇತಿಹಾಸದ ಶಿಕ್ಷಕಿಯಾಗಿ, 1858ರಲ್ಲಿ ಅಂಧ ಸಂಗೀತಗಾರ ಅಲೆಕ್ಸಾಂಡರ್ ವ್ಯಾನ್ ಆಲ್‌ಸ್ಟೈನ್ ಅವರನ್ನು ಮದುವೆಯಾಗುವವರೆಗೂ ಉಳಿದರು. ಹುಟ್ಟಿದ ಒಂದು ಮಗು ಎಳವೆಯಲ್ಲೇ ತೀರಿಹೋಯಿತು. ಸ್ತುತಿಗೀತೆಗಳ ಕೆಲಸ ನಿಜವಾಗಿ ಶುರುವಾದದ್ದು 1864ರ ಫೆಬ್ರವರಿಯಲ್ಲಿ, ವಿಲಿಯಂ ಬ್ರ್ಯಾಡ್‌ಬರಿ ಎಂಬ ಸಂಗೀತ ಪ್ರಕಾಶಕರ ಕಚೇರಿಗೆ ಹೋದ ಮೇಲೆ. ಆಗ ಅವರ ವಯಸ್ಸು 43. 1915ರ ಫೆಬ್ರವರಿ 12ರಂದು ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟಿನಲ್ಲಿ ನಿಧನರಾದರು.

ಅಂದರೆ ನಾವು ಹಾಡುವ ಹಾಡುಗಳೆಲ್ಲ ನಡುವಯಸ್ಸಿನ ನಂತರದ ಐವತ್ತು ವರ್ಷಗಳ ದುಡಿಮೆ. ಅದಕ್ಕೂ ಮುಂಚಿನ ನಾಲ್ಕು ದಶಕ ಏನು ನಡೆಯಿತು ಎಂಬುದನ್ನು ಯಾರೂ ಕೇಳುವುದಿಲ್ಲ.

ಬ್ರೈಲ್‌ಬೆರಳು

ಆ ನಾಲ್ಕು ದಶಕದ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ನಾನೂ ಅಂಧರ ಶಾಲೆಯೊಂದರಲ್ಲಿ ಓದಿದವಳು. ‘ಕಣ್ಣಿಲ್ಲದಿದ್ದರೂ ಇಷ್ಟೆಲ್ಲ’ ಎಂಬ ಹೊಗಳಿಕೆಯ ಧಾಟಿ ನನಗೆ ಚಿಕ್ಕಂದಿನಿಂದ ಪರಿಚಿತ, ಬೇಸರ ತರಿಸುವಷ್ಟು ಪರಿಚಿತ.

ಕ್ರಾಸ್ಬಿ ಓದಿದ ಕಾಲದಲ್ಲಿ ಅಮೆರಿಕದಲ್ಲಿ ಅಂಧರ ಶಿಕ್ಷಣವೇ ಹೊಸ ವಿಚಾರ. ಅಂಧ ಮಕ್ಕಳಿಗೆ ಕಲಿಸಬಹುದು ಎಂದು ಸರ್ಕಾರಗಳಿಗೆ ಮನವರಿಕೆ ಮಾಡಿಕೊಡಲು ಶಾಲೆಯವರು ವಿದ್ಯಾರ್ಥಿಗಳನ್ನು ಊರೂರಿಗೆ ಕರೆದುಕೊಂಡು ಹೋಗಿ ಸಾರ್ವಜನಿಕರೆದುರು ನಿಲ್ಲಿಸುತ್ತಿದ್ದರು. ಹಾಡುವುದು, ಲೆಕ್ಕ ಮಾಡಿ ತೋರಿಸುವುದು, ಭೂಗೋಳದ ಪ್ರಶ್ನೆಗಳಿಗೆ ಉತ್ತರಿಸುವುದು, ಕವಿತೆ ವಾಚಿಸುವುದು, ಇವೆಲ್ಲ ಆ ಪ್ರದರ್ಶನದ ಭಾಗಗಳು. ಕ್ರಾಸ್ಬಿಯವರು ಈ ಪ್ರದರ್ಶನಗಳ ಮುಖ್ಯ ಆಕರ್ಷಣೆಯಾಗಿದ್ದರು. 1840ರ ದಶಕದಲ್ಲಿ ವಾಷಿಂಗ್ಟನ್ನಿಗೂ ಹೋಗಿ ಕಾಂಗ್ರೆಸ್ ಸದಸ್ಯರ ಮುಂದೆ ತಮ್ಮ ಕವಿತೆ ಓದಿದರು. 1844ರಲ್ಲಿ ಬಂದ ಅವರ ಮೊದಲ ಸಂಕಲನದ ಹೆಸರೇ ‘ಅಂಧ ಬಾಲೆ ಮತ್ತು ಇತರ ಕವಿತೆಗಳು’ ಎಂಬರ್ಥದ್ದು. ಆಗ ಅವರಿಗೆ 24 ವರ್ಷ. ಆ ಹೆಸರು ಯಾರಿಗೆ ಬೇಕಾಗಿತ್ತು ಎಂದು ಯೋಚಿಸಬೇಕು.

ಇನ್ನೊಂದು ಸಂಗತಿಯನ್ನು ಅವರೇ ಆತ್ಮಕಥನದಲ್ಲಿ ನಗುತ್ತ ಹೇಳಿಕೊಂಡಿದ್ದಾರೆ. ಕವಿತೆಯ ಹೊಗಳಿಕೆಯಿಂದ ಹುಡುಗಿಯ ತಲೆ ತಿರುಗೀತು ಎಂದು ಶಾಲೆಯ ಮುಖ್ಯಸ್ಥರು ಕೆಲಕಾಲ ಕವಿತೆ ಕಟ್ಟುವುದನ್ನೇ ನಿಷೇಧಿಸಿದ್ದರಂತೆ. ಆಮೇಲೆ ತಲೆಬುರುಡೆಯ ಉಬ್ಬುತಗ್ಗು ನೋಡಿ ಸ್ವಭಾವ ಹೇಳುವ ಸ್ಕಾಟ್ಲೆಂಡಿನ ಜಾರ್ಜ್ ಕೂಂಬ್ ಶಾಲೆಗೆ ಬಂದು, ಈಕೆ ಕವಿ ಎಂದು ತೀರ್ಪು ಕೊಟ್ಟ ಮೇಲೆ ನಿಷೇಧ ತೆರವಾಯಿತು! ಆ ಕಪಾಲಶಾಸ್ತ್ರಕ್ಕೆ ಯಾವ ಆಧಾರವೂ ಇರಲಿಲ್ಲ, ಆದರೆ ಅದರಿಂದ ಒಬ್ಬರಿಗಾದರೂ ಉಪಕಾರವಾಯಿತು.

1849ರಲ್ಲಿ ನ್ಯೂಯಾರ್ಕಿಗೆ ಕಾಲರಾ ಬಂದಾಗ ಊರು ಬಿಡಬಹುದಾಗಿದ್ದರೂ ಬಿಡದೆ ರೋಗಿಗಳ ಆರೈಕೆಗೆ ನಿಂತರು. 1850ರ ನವೆಂಬರಿನಲ್ಲಿ ಮೆಥಡಿಸ್ಟ್ ಪಂಥದ ಉಜ್ಜೀವನ ಕೂಟವೊಂದರಲ್ಲಿ (ನಂಬಿಕೆಯನ್ನು ಹುರುಪುಗೊಳಿಸಲು ಸೇರುವ ಸಭೆ), ಇಂಗ್ಲೆಂಡಿನ ಹಳೆಯ ಸ್ತುತಿಗೀತಕಾರ ಐಸಾಕ್ ವಾಟ್ಸ್ ಅವರ ಹಾಡೊಂದನ್ನು ಸಭೆ ಹಾಡುತ್ತಿದ್ದಾಗ, ತಮ್ಮ ನಂಬಿಕೆ ಗಟ್ಟಿಯಾಯಿತೆಂದು ಅವರು ಹೇಳುತ್ತಿದ್ದರು. ಕಾಲರಾದ ವರ್ಷ ಕಂಡ ಸಾವುಗಳಿಗೂ ಈ ಘಟನೆಗೂ ಸಂಬಂಧವಿದೆ ಎಂದೇ ನನಗೆ ತೋರುತ್ತದೆ.

ಶ್ರುತಿಪೆಟ್ಟಿಗೆ

ಹಳೆಯಪುಟ ಸರ್, ಧಾಟಿಗೆ ಮಾತು ಹೊಂದಿಸುವುದು ಎಂದಿರಲ್ಲ, ಅದಕ್ಕೆ ಒಂದು ಹಿನ್ನೆಲೆ ಸೇರಿಸುತ್ತೇನೆ. ಸ್ತುತಿಗೀತೆಗೆ ಬರುವ ಮೊದಲೇ, 1850ರ ದಶಕದಲ್ಲಿ, ಕ್ರಾಸ್ಬಿ ಅದೇ ಅಂಧರ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದ ಜಾರ್ಜ್ ರೂಟ್ ಅವರ ಜೊತೆ ಲೌಕಿಕ ಹಾಡುಗಳನ್ನು ಬರೆದಿದ್ದರು. ರೂಟ್ ಮಟ್ಟು ನುಡಿಸುವರು, ಯಾವ ಭಾವ ಬೇಕೆಂದು ಹೇಳುವರು, ಇವರು ಮಾತು ಕೂಡಿಸುವರು. 1852ರ ‘ದ ಫ್ಲವರ್ ಕ್ವೀನ್’ ಎಂಬ ಗೇಯನಾಟಕ ಹೀಗೆ ಹುಟ್ಟಿದ್ದು. ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದ ಕಾಲದಲ್ಲಿ, ದಕ್ಷಿಣದವರು ತಮ್ಮದೆಂದುಕೊಂಡಿದ್ದ ‘ಡಿಕ್ಸಿ’ ಧಾಟಿಗೇ ಉತ್ತರದ ಪರವಾದ ಮಾತು ಕಟ್ಟಿದರು. ಬ್ರ್ಯಾಡ್‌ಬರಿಯ ಬಾಗಿಲು ತಟ್ಟಿದಾಗ ಅವರು ಹೊಸಬರಾಗಿರಲಿಲ್ಲ, ದಶಕಕ್ಕೂ ಮಿಕ್ಕಿ ಕೈ ಪಳಗಿತ್ತು. ಸ್ವತಃ ಪಿಯಾನೊ, ಹಾರ್ಪ್, ಗಿಟಾರ್ ನುಡಿಸಬಲ್ಲವರು, ಹಾಡಬಲ್ಲವರು.

‘ಬ್ಲೆಸೆಡ್ ಅಶ್ಯೂರನ್ಸ್’ ಹಾಡನ್ನೇ ತೆಗೆದುಕೊಳ್ಳಿ. 1873ರಲ್ಲಿ ಗೆಳತಿ ಫೀಬಿ ನ್ಯಾಪ್ ತಾವು ಕಟ್ಟಿದ ಮಟ್ಟನ್ನು ನುಡಿಸಿ, ಇದು ಏನು ಹೇಳುತ್ತದೆ ಎಂದು ಕೇಳಿದರು. ಕ್ರಾಸ್ಬಿ ಹಾಡಿನ ಮೊದಲ ಸಾಲನ್ನೇ ಉತ್ತರವಾಗಿ ಹೇಳಿದರು ಎಂಬ ಕಥೆ ಪ್ರಸಿದ್ಧ. ನನಗೆ ಕುತೂಹಲವಿರುವುದು ಆ ಮಟ್ಟಿನ ನಡೆಯಲ್ಲಿ. ಮೂರು ಪೆಟ್ಟು, ಪ್ರತಿ ಪೆಟ್ಟಿನೊಳಗೆ ಮತ್ತೆ ಮೂರು ಭಾಗ. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇದು ತಿಶ್ರ ನಡೆಯೆಂದು ಕೂಡಲೇ ತಿಳಿಯುತ್ತದೆ. ಹಳೆಯ ಸ್ತುತಿಗೀತೆಗಳ ಎಂಟು–ಆರು ಅಕ್ಷರದ ಸಾಲುಗಳನ್ನು ಇಲ್ಲಿ ಕೂರಿಸಲು ಹೋದರೆ ಉಸಿರು ಎಡವುತ್ತದೆ. ಕ್ರಾಸ್ಬಿ ಒತ್ತು ಬೀಳುವ ಒಂದು ಅಕ್ಷರ, ಅದರ ಬೆನ್ನಿಗೆ ಹಗುರವಾದ ಎರಡು ಅಕ್ಷರ ಎಂಬ ಏರ್ಪಾಡನ್ನು ಮೊದಲ ಸಾಲಿನಿಂದ ಹಿಡಿದು ಪಲ್ಲವಿಯವರೆಗೆ ಕೈಬಿಡುವುದಿಲ್ಲ. ಕ್ವಾಯರ್‌ನಲ್ಲಿ ಹೊಸಬರಿಗೆ ಈ ಹಾಡು ಕಲಿಸುವಾಗ ನಾನು ತಾಳ ಎಣಿಸಿ ತೋರಿಸಬೇಕಾದ ಅಗತ್ಯವೇ ಬೀಳುವುದಿಲ್ಲ, ಮಾತೇ ತಾಳ ಹಿಡಿದುಕೊಂಡು ಹೋಗುತ್ತದೆ.

ಸಂಶಯಿ

ಎಲ್ಲರೂ ಗೌರವದಿಂದ ಬರೆಯುತ್ತಿದ್ದೀರಿ, ನಾನು ಸ್ವಲ್ಪ ಒರಟಾಗಿ ಕೇಳುತ್ತೇನೆ. ಎಂಟು ಸಾವಿರ ಹಾಡು ಬರೆದವರ ಎಷ್ಟು ಹಾಡು ಇಂದು ಬಳಕೆಯಲ್ಲಿವೆ? ಕೈಬೆರಳಲ್ಲಿ ಎಣಿಸಿದರೆ ಎರಡು ಸುತ್ತು ಮುಗಿದೀತು, ಮೂರನೆಯದು ಕಷ್ಟ. ವಾಟ್ಸ್ ಬರೆದದ್ದು ಸುಮಾರು 750. ಮೆಥಡಿಸ್ಟ್ ಪಂಥದ ಸ್ತುತಿಗೀತಕಾರ ಚಾರ್ಲ್ಸ್ ವೆಸ್ಲಿ ಆರು ಸಾವಿರಕ್ಕೂ ಹೆಚ್ಚು ಬರೆದರು, ನಿಜ. ಆದರೆ ವೆಸ್ಲಿಯ ಒಂದು ಚರಣದಲ್ಲಿರುವ ದೈವಶಾಸ್ತ್ರದ ಬಿಗಿ ಕ್ರಾಸ್ಬಿಯ ಇಡೀ ಹಾಡಿನಲ್ಲಿ ಸಿಗುವುದಿಲ್ಲ. ಶಿಲುಬೆ, ಆಶ್ರಯ, ಬಂಡೆ, ತೀರ, ಕಣ್ಣೀರು ಎಂಬ ಅದೇ ಐದಾರು ಚಿತ್ರಗಳನ್ನು ಮತ್ತೆ ಮತ್ತೆ ಜೋಡಿಸಿದರೆ ಎಂಟು ಸಾವಿರವೇನು, ಹದಿನಾರು ಸಾವಿರವೂ ಆದೀತು. ಇದನ್ನು ಕಸುಬು ಎನ್ನುವುದಾದರೆ ನನ್ನ ತಕರಾರಿಲ್ಲ. ಕಾವ್ಯ ಎನ್ನಬೇಡಿ.

ಹಳೆಯಪುಟ

ಸಂಶಯಿಯವರೇ, ನಿಮ್ಮ ಮಾತಿನ ಅರ್ಧಭಾಗವನ್ನು ನಾನು ಒಪ್ಪುತ್ತೇನೆ. ಬಹುಪಾಲು ಹಾಡುಗಳು ಆ ಕಾಲದ ಸಂಡೇ ಸ್ಕೂಲ್ (ಚರ್ಚಿನ ಮಕ್ಕಳ ಭಾನುವಾರದ ತರಗತಿ) ಹಾಡಿನ ಪುಸ್ತಕಗಳೊಂದಿಗೇ ಸವೆದುಹೋದವು, ಅದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಅದೇ ಐದಾರು ಚಿತ್ರಗಳು ಎಂದಿರಲ್ಲ, ಅವು ಎಲ್ಲಿಂದ ಬಂದವು ಎಂದು ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ.

ಬಾಲ್ಯದಲ್ಲಿ ಕನೆಕ್ಟಿಕಟ್‌ನ ರಿಜ್‌ಫೀಲ್ಡಿನಲ್ಲಿದ್ದಾಗ ಮನೆಯ ಯಜಮಾನಿ ಶ್ರೀಮತಿ ಹಾಲಿ ಎಂಬವರು ವಾರಕ್ಕೆ ಇಷ್ಟು ಅಧ್ಯಾಯ ಎಂದು ಬೈಬಲನ್ನು ಕಂಠಪಾಠ ಮಾಡಿಸಿದರು. ಮೋಶೆಯ ಐದು ಪುಸ್ತಕ, ನಾಲ್ಕು ಸುವಾರ್ತೆ, ಜ್ಞಾನೋಕ್ತಿಗಳು, ಪರಮಗೀತ, ಅನೇಕ ಕೀರ್ತನೆಗಳು ಅವರ ನಾಲಿಗೆಯ ಮೇಲಿದ್ದವು. ಉಬ್ಬಕ್ಷರವನ್ನು ಬೆರಳಲ್ಲಿ ಓದುವುದು ಅವರಿಗೆ ಎಂದೂ ಸಲೀಸಾಗಲಿಲ್ಲ, ಹಾಗಾಗಿ ಕೇಳಿ ಉಳಿಸಿಕೊಂಡದ್ದೇ ಅವರ ಗ್ರಂಥಾಲಯ. ಹಾಡನ್ನೂ ತಲೆಯಲ್ಲೇ ಕಟ್ಟಿ, ತಿದ್ದಿ, ಹಲವು ಹಾಡು ಕೂಡಿದ ಮೇಲೆ ಯಾರಿಗಾದರೂ ಹೇಳಿ ಬರೆಸುತ್ತಿದ್ದರು. ಅಂಧರ ಶಾಲೆಯಲ್ಲಿ ಗುಮಾಸ್ತನಾಗಿದ್ದ ಹದಿಹರೆಯದ ಗ್ರೋವರ್ ಕ್ಲೀವ್‌ಲ್ಯಾಂಡ್ ಕೆಲವು ಕವಿತೆಗಳನ್ನು ಹೀಗೆ ಬರೆದುಕೊಟ್ಟಿದ್ದ; ಮುಂದೆ ಆತ ಎರಡು ಬಾರಿ ಅಮೆರಿಕದ ಅಧ್ಯಕ್ಷನಾದ, ಸ್ನೇಹ ಕೊನೆಯವರೆಗೂ ಉಳಿಯಿತು.

ಈಗ ಆ ಬಂಡೆಯ ವಿಚಾರ. ‘ಹೀ ಹೈಡೆತ್ ಮೈ ಸೋಲ್’ ಹಾಡಿನ ಪಲ್ಲವಿಯಲ್ಲಿ ದೇವರು ಆತ್ಮವನ್ನು ಬಂಡೆಯ ಸಂದಿನಲ್ಲಿ ಅಡಗಿಸಿ ತನ್ನ ಕೈಯಿಂದ ಮುಚ್ಚುತ್ತಾನೆ. ಇದು ವಿಮೋಚನಕಾಂಡದ 33ನೆಯ ಅಧ್ಯಾಯದಲ್ಲಿ ಮೋಶೆಗೆ ಕೊಟ್ಟ ಮಾತು. ಬಂಡೆಯ ಸಂದು ಮಾತ್ರವಲ್ಲ, ಮುಚ್ಚುವ ಕೈಯೂ ಅಲ್ಲಿದೆ. ಮೋಶೆ ದೇವರ ಮಹಿಮೆಯನ್ನು ನೋಡಬೇಕೆಂದು ಬೇಡಿದ್ದ, ಮುಖವನ್ನು ನೋಡಲಾಗದು ಎಂಬ ಉತ್ತರ ಸಿಕ್ಕಿತ್ತು. ಕಣ್ಣಿಲ್ಲದ ಕವಿಯೊಬ್ಬರು ಇಡೀ ಬೈಬಲಿನಲ್ಲಿ ಈ ಪ್ರಸಂಗವನ್ನೇ ಆರಿಸಿಕೊಂಡು, ನೋಡುವ ಆಸೆಯನ್ನು ಬಿಟ್ಟು ಮುಚ್ಚುವ ಕೈಯನ್ನು ಪಲ್ಲವಿ ಮಾಡಿದ್ದಾರೆ. ‘ಆಲ್ ದ ವೇ ಮೈ ಸೇವಿಯರ್’ ಹಾಡಿನಲ್ಲಿ ಬರುವ ಬಂಡೆ ಬೇರೆ, ಅದು ಅರಣ್ಯದಲ್ಲಿ ದಣಿದು ಬಾಯಾರಿದವರಿಗೆ ನೀರು ಚಿಮ್ಮಿಸುವ ಬಂಡೆ. ಪುಸ್ತಕದ ಪುಟ ಬೇರೆ, ಪ್ರಸಂಗ ಬೇರೆ, ಉಪಯೋಗ ಬೇರೆ. ದೂರದಿಂದ ನೋಡುವವರಿಗೆ ಎರಡೂ ಒಂದೇ ಕಲ್ಲು.

ಅದಿರಲಿ, ಪಲ್ಲವಿಯ ಮಾತು ಬಂತು. ವಾಟ್ಸ್ ಮತ್ತು ವೆಸ್ಲಿಯ ಹಾಡುಗಳು ಬಹುತೇಕ ಚರಣದ ಮೇಲೆ ಚರಣ ಕಟ್ಟಿಕೊಂಡು ಹೋಗುತ್ತವೆ, ವಾದ ಬೆಳೆಯುತ್ತದೆ, ಹಾಡುವವರ ಕೈಯಲ್ಲಿ ಪುಸ್ತಕವಿರಬೇಕು. ಕ್ರಾಸ್ಬಿ ಬರೆದದ್ದು ಮಕ್ಕಳಿಗೆ ಮತ್ತು ಸಾವಿರಾರು ಜನ ಸೇರುವ ಉಜ್ಜೀವನ ಕೂಟಗಳಿಗೆ. ಚರಣವನ್ನು ಗಾಯಕರೊಬ್ಬರು ಹಾಡಿದರೆ ಸಾಕು, ಪಲ್ಲವಿ ಜನರದು, ಎರಡನೆಯ ಸುತ್ತಿಗೆ ಅದು ಬಾಯಿಗೆ ಬಂದಿರುತ್ತದೆ. ನಮ್ಮ ದಾಸರ ಪದಗಳಲ್ಲಿ ಪಲ್ಲವಿ ಮಾಡುವ ಕೆಲಸವೂ ಇದೇ ಅಲ್ಲವೇ? ಅಲ್ಲಿ ಬಿಗಿ ಇರಬೇಕಾದದ್ದು ಸಿದ್ಧಾಂತದಲ್ಲಲ್ಲ, ನೆನಪಿನಲ್ಲಿ ಕೂರುವ ಗುಣದಲ್ಲಿ.

ಲೆಕ್ಕಪುಸ್ತಕ

ಸಂಖ್ಯೆಯ ಹಿಂದಿನ ವ್ಯವಹಾರವನ್ನು ಯಾರೂ ಮುಟ್ಟಲಿಲ್ಲ. ಅಂತರ್ಯುದ್ಧದ ನಂತರದ ಅಮೆರಿಕದಲ್ಲಿ ಸಂಡೇ ಸ್ಕೂಲ್ ಹಾಡಿನ ಪುಸ್ತಕ ದೊಡ್ಡ ವ್ಯಾಪಾರ. ಪ್ರಕಾಶಕರು ಒಂದರ ಹಿಂದೆ ಒಂದು ಹೊಸ ಪುಸ್ತಕ ತರುತ್ತಿದ್ದರು, ಪ್ರತಿಯೊಂದಕ್ಕೂ ಹೊಸ ಹಾಡು ಬೇಕು. 1868ರ ಜನವರಿಯಲ್ಲಿ ಬ್ರ್ಯಾಡ್‌ಬರಿ ತೀರಿಕೊಂಡ ಮೇಲೆ ಆ ಸಂಸ್ಥೆ ಬಿಗ್ಲೋ ಆಂಡ್ ಮೇನ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಅದೊಂದಕ್ಕೇ ಕ್ರಾಸ್ಬಿ ಕೊಟ್ಟದ್ದು ಆರು ಸಾವಿರದ ಹತ್ತಿರ ಹಾಡು, ಅದರಲ್ಲಿ ಎಷ್ಟೋ ಅಚ್ಚಾಗಲೇ ಇಲ್ಲ.

ಪುಸ್ತಕದ ತುಂಬ ಒಬ್ಬರದೇ ಹೆಸರಿದ್ದರೆ ಕೊಳ್ಳುವವರಿಗೆ ಹೇಗೆ ಕಂಡೀತು? ಆದ್ದರಿಂದ ಗ್ರೇಸ್ ಜೆ. ಫ್ರಾನ್ಸಿಸ್, ಜೂಲಿಯಾ ಸ್ಟರ್ಲಿಂಗ್, ಎಲ್ಲಾ ಡೇಲ್, ಹೆನ್ರಿಯೆಟಾ ಬ್ಲೇರ್ ಎಂದು ಸುಮಾರು ಇನ್ನೂರು ಗುಪ್ತನಾಮಗಳು ಹುಟ್ಟಿಕೊಂಡವು. ಎಂಟು ಸಾವಿರ ಎಂಬುದು ಖಚಿತ ಎಣಿಕೆಯಲ್ಲ, ಅಂದಾಜು ಎನ್ನುವುದಕ್ಕೆ ಈ ಹೆಸರುಗಳೂ ಒಂದು ಕಾರಣ.

ಒಂದು ಹಾಡಿಗೆ ಸಿಗುತ್ತಿದ್ದುದು ಒಂದೆರಡು ಡಾಲರ್. ಹಕ್ಕು ಪ್ರಕಾಶಕರಿಗೆ ಹೋಗುತ್ತಿತ್ತು. ‘ಸೇಫ್ ಇನ್ ದ ಆರ್ಮ್ಸ್ ಆಫ್ ಜೀಸಸ್’ಗೆ ಮಟ್ಟು ಕೊಟ್ಟ ವಿಲಿಯಂ ಡೋನ್ ಸಿನ್ಸಿನಾಟಿಯ ದೊಡ್ಡ ಕಾರ್ಖಾನೆದಾರ, ಮರಗೆಲಸದ ಯಂತ್ರಗಳನ್ನು ತಯಾರಿಸುವ ಉದ್ಯಮ ಅವರದು. 1868ರಲ್ಲಿ ರೈಲು ಹಿಡಿಯಲು ನಲವತ್ತು ನಿಮಿಷ ಉಳಿದಿದೆ ಎಂದು ಹೇಳಿ ಮಟ್ಟು ನುಡಿಸಿದರು, ಕ್ರಾಸ್ಬಿ ಪಕ್ಕದ ಕೋಣೆಗೆ ಹೋಗಿ ಅರ್ಧ ಗಂಟೆಯಲ್ಲಿ ಹಾಡು ಮುಗಿಸಿ ಬಂದರು ಎಂದು ಈ ಪ್ರಸಂಗವನ್ನು ಎಲ್ಲರೂ ಮೆಚ್ಚಿ ಹೇಳುತ್ತಾರೆ. ಫೀಬಿ ನ್ಯಾಪ್ ಅವರ ಪತಿ ಮೆಟ್ರೊಪಾಲಿಟನ್ ಲೈಫ್ ವಿಮಾ ಕಂಪನಿಯ ಅಧ್ಯಕ್ಷರು. ಮಾತು ಬರೆದವರು ಮಾತ್ರ ಮ್ಯಾನ್‌ಹಟನ್ನಿನ ಬಡ ವಠಾರಗಳಲ್ಲಿ ಬಾಡಿಗೆಗಿದ್ದರು.

ಇದು ಅಂದೇ ಜಗಳವಾಯಿತು. ಕವಿ ವಿಲ್ ಕಾರ್ಲ್‌ಟನ್ ಅವರು ಕ್ರಾಸ್ಬಿಯೇ ಹೇಳಿದ ಜೀವನಕಥೆಯನ್ನು 1903ರಲ್ಲಿ ಪುಸ್ತಕವಾಗಿ ತಂದು, ಅವರಿಗೆ ಸಿಗಬೇಕಾದ ಹಣ ಸಿಕ್ಕಿಲ್ಲವೆಂಬ ಮಾತೆತ್ತಿದಾಗ ಪ್ರಕಾಶಕರ ಬಳಗ ಕೆರಳಿತು. 1906ರಲ್ಲಿ ಕ್ರಾಸ್ಬಿಯ ಎರಡನೆಯ ಆತ್ಮಕಥನ ಬಂತು. ಎರಡನ್ನೂ ಓದುವವರು ಈ ಹಿನ್ನೆಲೆ ತಿಳಿದು ಓದಬೇಕು.

ಬ್ರೈಲ್‌ಬೆರಳು

ಲೆಕ್ಕಪುಸ್ತಕದವರ ಮಾತು ಸರಿ, ಆದರೆ ಬಡತನ ಪೂರ್ತಿ ಪ್ರಕಾಶಕರು ಹೊರಿಸಿದ್ದಲ್ಲ. ಬಂದ ಹಣವನ್ನು ಅವರು ಕೈಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ನ್ಯೂಯಾರ್ಕಿನ ಬಾವರಿ ಎಂಬ ಬಡ ಪ್ರದೇಶದ ಮಿಷನ್‌ಗಳಿಗೆ, ವಾಟರ್ ಸ್ಟ್ರೀಟ್ ಮಿಷನ್ನಿಗೆ ಹೋಗಿ ಕುಡಿತಕ್ಕೆ ಬಿದ್ದವರ, ಮನೆಯಿಲ್ಲದವರ ನಡುವೆ ಕೂರುವುದು ಅವರ ನಿತ್ಯದ ಕೆಲಸವಾಗಿತ್ತು. ಯಾರಾದರೂ ಕೇಳಿದರೆ ತಾನು ಹಾಡು ಬರೆಯುವವಳು ಎನ್ನುವುದಕ್ಕಿಂತ ಈ ಕೆಲಸದವಳು ಎಂದೇ ಹೇಳಿಕೊಳ್ಳುತ್ತಿದ್ದರು. 1869ರ ‘ರೆಸ್ಕ್ಯೂ ದ ಪೆರಿಷಿಂಗ್’ ಹುಟ್ಟಿದ್ದು ಅಂಥ ಒಂದು ಕೂಟದ ನಂತರ. ‘ಪಾಸ್ ಮಿ ನಾಟ್’ ಹಾಡಿನ ಬೇರು ಸೆರೆಮನೆಯ ಭೇಟಿಯಲ್ಲಿದೆ ಎನ್ನುತ್ತಾರೆ. ಈ ಎರಡನೆಯ ಹಾಡಿನಲ್ಲಿ ಬೇಡುವ ದನಿ ಉಪದೇಶಕರದ್ದಲ್ಲ, ಕೊನೆಯ ಬೆಂಚಿನಲ್ಲಿ ಕೂತವರದು. ಸಂಶಯಿಯವರು ಕೇಳಿದ ಕಾವ್ಯ ಅಲ್ಲಿದೆ ಎಂದು ನಾನು ಹೇಳುತ್ತೇನೆ.

ಗಂಡ ಹೆಂಡತಿ ಬಹಳ ವರ್ಷ ಬೇರೆ ಬೇರೆ ವಾಸವಾಗಿದ್ದರು, ಹಗೆಯಿರಲಿಲ್ಲ. ಆತ 1902ರಲ್ಲಿ ತೀರಿಕೊಂಡರು. ಜೀವನಚರಿತ್ರೆಗಳು ಈ ವಿಷಯದಲ್ಲಿ ಮೌನವಾಗಿರುವುದರಿಂದ ನಾನೂ ಹೆಚ್ಚು ಹೇಳುವುದಿಲ್ಲ.

ಬಲ್ಮಠದ ಓದುಗ

ನಮ್ಮ ಕನ್ನಡ ಸಂಗೀತ ಪುಸ್ತಕಗಳಲ್ಲಿ ಹಳೆಯದಾದದ್ದೆಲ್ಲ ಇಂಗ್ಲಿಷಿನಿಂದ ಬಂದದ್ದು ಎಂದು ತಿಳಿದವರು ಬಹಳ ಮಂದಿ ಇದ್ದಾರೆ, ಅದಕ್ಕಾಗಿ ಈ ಟಿಪ್ಪಣಿ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಕ್ರಾಸ್ಬಿ ಅಂಧರ ಶಾಲೆ ಸೇರುವ ಹಿಂದಿನ ವರ್ಷ. ಮೋಗ್ಲಿಂಗ್, ವೈಗ್ಲೆ ಮುಂತಾದವರು ಕನ್ನಡದಲ್ಲಿ ಸ್ತುತಿಗೀತೆ ರಚಿಸುವಾಗ ಅವರ ಕಿವಿಯಲ್ಲಿದ್ದುದು ಜರ್ಮನ್ ಚರ್ಚುಗಳ ಸಾಮೂಹಿಕ ಗೀತೆಗಳಾದ ಕೋರಲ್‌ಗಳು. ಕಿಟ್ಟೆಲ್ ಇನ್ನೊಂದು ದಾರಿ ಹಿಡಿದು, ಯೇಸುವಿನ ಕಥೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ಯನ್ನು 1862ರಲ್ಲಿ ತಂದರು, ಕ್ರಾಸ್ಬಿಯ ಮೊದಲ ಸ್ತುತಿಗೀತೆಗೆ ಇನ್ನೂ ಎರಡು ವರ್ಷ ಬಾಕಿಯಿತ್ತು. ಅಮೆರಿಕದ ಈ ಪಲ್ಲವಿಯ ಹಾಡುಗಳು ಹೊರದೇಶಗಳಲ್ಲಿ ಹರಡಿದ್ದು ಮುಖ್ಯವಾಗಿ ಅಮೆರಿಕದ ಪ್ರಸಂಗಿ ಮೂಡಿ ಮತ್ತು ಅವರ ಜೊತೆಗಾರ ಗಾಯಕ ಸ್ಯಾಂಕಿ 1873ರಿಂದ 1875ರವರೆಗೆ ಬ್ರಿಟನ್ನಿನಲ್ಲಿ ಕೂಟ ನಡೆಸಿದ ಮೇಲೆ, ಸ್ಯಾಂಕಿಯ ಹಾಡಿನ ಪುಸ್ತಕದ ಮೂಲಕ. ಎರಡು ಪರಂಪರೆಗಳು ಇಂದು ಒಂದೇ ಆರಾಧನೆಯಲ್ಲಿ ಅಕ್ಕಪಕ್ಕ ಕೇಳುವುದರಿಂದ ಗೊಂದಲ ಸಹಜ. ಕೋರಲ್ ಧಾಟಿಯಲ್ಲಿ ಸಾಲು ನಿಂತು ನಿಂತು ಸಾಗುತ್ತದೆ, ಕ್ರಾಸ್ಬಿಯ ಹಾಡು ಪಲ್ಲವಿಯ ಕಡೆಗೆ ಓಡುತ್ತದೆ. ಕಿವಿಗೊಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ.

ಸಂಶಯಿ

ಮುಚ್ಚುವ ಕೈಯ ಓದು ಚೆನ್ನಾಗಿದೆ, ಅದನ್ನು ನಾನು ಗಮನಿಸಿರಲಿಲ್ಲ. ಆದರೂ ನನ್ನ ಮೂಲ ಪ್ರಶ್ನೆ ಹಾಗೇ ಇದೆ. ಬದುಕಿರುವ ಇಪ್ಪತ್ತು ಮೂವತ್ತು ಹಾಡುಗಳೇ ಅತ್ಯುತ್ತಮವಾದವು ಎಂದು ಕಾಲ ತೀರ್ಮಾನಿಸಿದೆ ಎನ್ನಬಹುದಲ್ಲ? ಉಳಿದದ್ದನ್ನು ಕೆದಕುವ ಅಗತ್ಯವೇನು?

ಹಳೆಯಪುಟ

ಕಾಲ ಅಷ್ಟು ನಂಬಿಗಸ್ತ ತೀರ್ಪುಗಾರನಲ್ಲ, ಕನಿಷ್ಠ ಈ ಪ್ರಕರಣದಲ್ಲಿ. ‘ಟು ಗಾಡ್ ಬಿ ದ ಗ್ಲೋರಿ’ ಇಂದು ಬಹಳಷ್ಟು ಇಂಗ್ಲಿಷ್ ಸಭೆಗಳು ಹಾಡುವ ಹಾಡು. ಅದು 1875ರಲ್ಲಿ ಲೋರಿ ಮತ್ತು ಡೋನ್ ಸಂಪಾದಿಸಿದ ‘ಬ್ರೈಟೆಸ್ಟ್ ಆಂಡ್ ಬೆಸ್ಟ್’ ಎಂಬ ಸಂಡೇ ಸ್ಕೂಲ್ ಪುಸ್ತಕದಲ್ಲಿ ಬಂತು. ಬ್ರಿಟನ್ನಿನಲ್ಲಿ ಬೇರೂರಿತು, ಹುಟ್ಟಿದ ದೇಶದಲ್ಲಿ ಮರೆತೇಹೋಯಿತು. 1954ರಲ್ಲಿ ಅಮೆರಿಕದ ಪ್ರಸಂಗಿ ಬಿಲ್ಲಿ ಗ್ರಹಾಂ ಲಂಡನ್ನಿನ ಹ್ಯಾರಿಂಗೇ ಕ್ರೀಡಾಂಗಣದಲ್ಲಿ ಕೂಟ ನಡೆಸಿದಾಗ ಅವರ ಗಾಯನ ನಿರ್ದೇಶಕ ಕ್ಲಿಫ್ ಬ್ಯಾರೋಸ್ ಅದನ್ನು ಬಳಸಿ, ಅದೇ ವರ್ಷ ನ್ಯಾಶ್‌ವಿಲ್ಲಿನ ಕೂಟಕ್ಕೂ ಒಯ್ದರು. ಹಾಡು ಹೆಚ್ಚುಕಡಿಮೆ ಎಂಬತ್ತು ವರ್ಷದ ನಂತರ ತವರಿಗೆ ಮರಳಿತು. ಲಂಡನ್ನಿನ ಕೂಟ ನಡೆಯದಿದ್ದರೆ ನೀವು ಅದನ್ನೂ ಸವೆದುಹೋದ ರಾಶಿಗೇ ಸೇರಿಸುತ್ತಿದ್ದಿರಿ.

ಹಾಗೆಂದು ಎಲ್ಲ ಎಂಟು ಸಾವಿರವೂ ಮುತ್ತುಗಳೆಂದು ನಾನು ವಾದಿಸುವುದಿಲ್ಲ. ಅವರ ಅಪ್ರಕಟಿತ ಹಸ್ತಪ್ರತಿಗಳು ಇಲಿನಾಯ್ ರಾಜ್ಯದ ವ್ಹೀಟನ್ನಿನ ದಾಖಲೆ ಸಂಗ್ರಹಕ್ಕೆ ಬಂದಿವೆ, ಅವುಗಳಲ್ಲಿ ಕೆಲವಕ್ಕೆ ಈಚೆಗೆ ಹೊಸ ಮಟ್ಟು ಹಾಕಿ ಹಾಡಿದವರೂ ಇದ್ದಾರೆ. ನನ್ನ ಮಟ್ಟಿಗೆ ಹೊಸ ಮಟ್ಟುಗಳಲ್ಲಿ ಆ ಮಾತುಗಳು ಅಷ್ಟಾಗಿ ಕೂರುವುದಿಲ್ಲ, ಏಕೆಂದರೆ ಅವು ಒಂದು ಕಾಲದ ಒಂದು ಬಗೆಯ ಧಾಟಿಯನ್ನು ಮನಸ್ಸಿನಲ್ಲಿಟ್ಟು ಕಟ್ಟಿದವು. ಶ್ರುತಿಪೆಟ್ಟಿಗೆಯವರು ಕೇಳಿ ನೋಡಿ ಅಭಿಪ್ರಾಯ ಬರೆದರೆ ಉಪಕಾರವಾದೀತು.

ಶ್ರುತಿಪೆಟ್ಟಿಗೆ

ಕೆಲವನ್ನು ಕೇಳಿದ್ದೇನೆ ಸರ್, ನಿಮ್ಮ ಮಾತು ಅರ್ಧ ಒಪ್ಪಿಗೆ. ಕುಳಿತುಕೊಳ್ಳದಿರುವುದು ಚರಣಗಳು. ಪಲ್ಲವಿಗಳು ಈಗಲೂ ಯಾವ ಮಟ್ಟಿಗೆ ಹಾಕಿದರೂ ನಿಲ್ಲುತ್ತವೆ.